ಎಡಗೈ ಸುತ್ತಿದ ಕೌದಿ

ಒಗೆದು ಒಗೆದು ಸವೆದ ಧೋತರ ಬಿಸಿಲಿಗೆ ಒಣಗಿದಾಗ ಅದರಿಂದ ಒಂದು ವಾಸನೆ ಬರುತ್ತದೆ. ಹೊಸ ಬಟ್ಟೆಗೆ ಆ ವಾಸನೆ ಜನ್ಮದಲ್ಲೂ ಬರುವುದಿಲ್ಲ. ಇವತ್ತು ಮಧ್ಯಾಹ್ನ ಮಾಳಿಗೆಯ ಮೇಲೆ ಒಣಹಾಕಿದ್ದ ಬಟ್ಟೆ ತೆಗೆಯಲು ಹೋದವಳು, ಹಳೆಯ ಧೋತರವೊಂದನ್ನು ಮೂಗಿಗೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಕೆಳಗಿನಿಂದ ಸೊಸೆ ಎರಡು ಮೂರು ಸಲ ಕೂಗಿದಳಂತೆ. ನನಗೆ ಕೇಳಿಸಲಿಲ್ಲ. ಕಿವಿ ಮಂದವಾಗಿದೆ ಎಂದು ಅವಳು ತಿಳಿದಿದ್ದಾಳೆ. ತಿಳಿದುಕೊಳ್ಳಲಿ, ಅದರಿಂದ ನನಗೆ ಅನುಕೂಲವೇ ಹೆಚ್ಚು.

ಈ ವಾಸನೆ ಬಂತೆಂದರೆ ಬಟ್ಟೆ ಕೌದಿಗೆ ಹದವಾಯಿತು ಎಂದು ಅರ್ಥ. ಕೌದಿ ಹೊಲಿಯುವ ಆಸೆ ಈಗಿನ ಹೆಣ್ಣುಮಕ್ಕಳಿಗೂ ಇದೆ. ನಮ್ಮ ಓಣಿಯವರು ಬಂದು ಕೇಳುತ್ತಾರೆ, ಎಲ್ಲಿಂದ ಸುರು ಮಾಡಬೇಕು, ಯಾವ ಸೂಜಿ ಬೇಕು ಎಂದು. ಹೇಳಿಕೊಡುತ್ತೇನೆ. ಎರಡು ದಿನ ಹೊಲಿಯುತ್ತಾರೆ. ಮೂರನೆಯ ದಿನ ಮುಖ ಸಣ್ಣದು ಮಾಡಿಕೊಂಡು ಬಂದು, "ನಮ್ಮ ಕೈ ಸರಿ ಇಲ್ಲ ಬಿಡ್ರಿ ಅಜ್ಜಿ, ಇದು ನಮಗ ಬರೂದಲ್ಲ" ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕೈ ಸರಿ ಇಲ್ಲ ಎನ್ನಲು ಇವರಿಗೆಲ್ಲ ಏನು ಅಧಿಕಾರವಿದೆ? ಸರಿ ಇಲ್ಲದ ಕೈಯ ಮಾತು ಬಂದರೆ ಮೊದಲ ಹಕ್ಕು ನನ್ನದು. ಸ್ವಲ್ಪ ಕೂತು ಕೇಳಿ, ಹೇಳುತ್ತೇನೆ.

ನಾನು ಎಡಚಿ. ಹುಟ್ಟುತ್ತಲೇ ಎಡಚಿ. ಜಮಖಂಡಿಯ ಸಾಲಿಯಲ್ಲಿ ಮಾಸ್ತರರು ಎಡಗೈ ಬೆರಳುಗಳ ಮೇಲೆ ರೂಲಿನಿಂದ ಬಾರಿಸಿ ಬಾರಿಸಿ ಅಕ್ಷರವನ್ನು ಬಲಗೈಗೆ ತಂದರು. ಆ ಕೈಯಿಂದಲೇ ಬರೆದು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿದೆ. ಊಟವನ್ನು ಅವ್ವ ಬಲಗೈಗೆ ತಂದಳು. ಉಳಿದದ್ದೆಲ್ಲ, ಅಂದರೆ ಕಸ ಹೊಡೆಯುವುದು, ಕಾಯಿಪಲ್ಲೆ ಹೆಚ್ಚುವುದು, ತಂಗಿಯ ತಲೆಗೆ ಮೊಟಕುವುದು, ಎಡಗೈಯದೇ ಕಾರಭಾರ.

ಆಗ ನಮ್ಮ ಕಡೆ ಮುಂಬಯಿ ರಾಜ್ಯ. ಸಂಸ್ಥಾನ ಹೋಗಿದ್ದರೂ ಹಿರಿಯರ ಬಾಯಿಂದ ಇನ್ನೂ ಹೋಗಿರಲಿಲ್ಲ. ಬನಹಟ್ಟಿಯಿಂದ, ಮಗ್ಗ ಇದ್ದವರ ಮನೆಯಿಂದ, ನನ್ನನ್ನು ನೋಡಲು ಬಂದರು. ಒಳಗೆ ಅವ್ವ ನನ್ನ ಎಡಗೈಯನ್ನು ಸೆರಗಿನಲ್ಲಿ ಸುತ್ತಿ, "ಈ ಕೈ ಇಲ್ಲಂತ ತಿಳಕೋ. ಇವತ್ತೊಂದಿನ ನಿನಗ ಒಂದ ಕೈ" ಅಂದಳು. ಒಂದೇ ಕೈಯಲ್ಲಿ ಅವಲಕ್ಕಿಯ ತಾಟು ತಂದೆ, ಒಂದೇ ಕೈಯಲ್ಲಿ ನಮಸ್ಕಾರ ಮಾಡಹೋಗಿ ಹೇಗೋ ಸಾವರಿಸಿಕೊಂಡೆ. ನಾಚಿಕೆಯ ಹುಡುಗಿ ಎಂದು ಅವರು ಮೆಚ್ಚಿದರು. "ಹೊಲಿಗಿ ಬರತೈತೇನವಾ?" ಎಂದು ನನ್ನ ಅತ್ತೆಯಾಗಲಿದ್ದವರು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅವ್ವ, "ಅಯ್ಯ, ಛಲೋ ಬರತೈತ್ರಿ" ಅಂದುಬಿಟ್ಟಳು. ಅದು ಸುಳ್ಳಲ್ಲ. ಯಾವ ಕೈಯಿಂದ ಎಂದು ಅವರು ಕೇಳಲಿಲ್ಲ ಅಷ್ಟೆ.

ಬನಹಟ್ಟಿಯ ಮನೆ ಸದಾ ಖಟಪಟ ಸದ್ದಿನ ಮನೆ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಅತ್ತೆ. ಅತ್ತೆ ಕೆಟ್ಟವರಲ್ಲ. ಆದರೆ ಅವರ ಲೆಕ್ಕದಲ್ಲಿ ಪ್ರತಿಯೊಂದಕ್ಕೂ ಒಂದು ನೇಮವಿತ್ತು, ನೇಮ ಮುರಿದವರಿಗೆ ಕ್ಷಮೆ ಇರಲಿಲ್ಲ. ಬೇಸಿಗೆಯಲ್ಲಿ ಕೌದಿ ಹೊಲಿಯುವ ಕೆಲಸ ಬಂತು. ನೋಡದವರಿಗಾಗಿ ಹೇಳುತ್ತೇನೆ: ಕೆಳಗೆ ಇಡಿಯಾದೊಂದು ಹಳೆಯ ಧೋತರ ಹಾಸಿ, ನಡುವೆ ಹಳೆಯ ಸೀರೆಗಳ ಪದರ ಇಟ್ಟು, ಮೇಲೆ ಬಣ್ಣಬಣ್ಣದ ತುಣುಕು ಜೋಡಿಸುತ್ತಾರೆ. ಹೆಂಗಸರು ಅಂಚಿನ ಹೊರಗೆ ಒಳಮುಖವಾಗಿ ಕೂತು, ಒಂದು ಮೂಲೆಯಿಂದ ಸೂಜಿ ಹೂಡಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಬಲಗೈಯವರ ಸೂಜಿ ಬಲದಿಂದ ಎಡಕ್ಕೆ ನಡೆಯುತ್ತದೆ. ಹೀಗಾಗಿ ಸುತ್ತು ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಂತೆ ಹೋಗುತ್ತದೆ. ಎಡಗೈಯವಳು ಕೂತರೆ ಸುತ್ತು ತಿರುಗಾಮುರುಗಾ.

ಅದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಪಕ್ಕದ ಮನೆಯ ಹುಡುಗಿಯೊಬ್ಬಳು ಆಟಕ್ಕೆಂದು ಸೂಜಿ ತೆಗೆದುಕೊಂಡು ಎದುರು ದಿಕ್ಕಿಗೆ ನಾಲ್ಕು ಹೊಲಿಗೆ ಹಾಕಿದಳು. ಅತ್ತೆ ಅವಳ ಕೈಯಿಂದ ಸೂಜಿ ಕಿತ್ತುಕೊಂಡು, "ಉಲ್ಟಾ ಸುತ್ತು ಸತ್ತವರಿಗೆ, ಇದ್ದವರಿಗಲ್ಲ. ಬಿಚ್ಚು ಅದನ್ನ" ಎಂದು ಗದರಿಸಿದರು. ನನ್ನ ಎಡಗೈ ತಾನಾಗಿಯೇ ಸೆರಗಿನೊಳಗೆ ಹೋಯಿತು.

ಅಂದಿನಿಂದ ಕೌದಿ ಹರಡಿದ ದಿನವೆಲ್ಲ ನಾನು ಒಲೆಯ ಮುಂದೆ. "ಅತ್ತಿ, ನೀವು ಹೊಲೀರಿ, ನಾ ರೊಟ್ಟಿ ಬಡೀತೇನಿ" ಎನ್ನುತ್ತಿದ್ದೆ. ಬೇಸಿಗೆಯ ಧಗೆಯಲ್ಲಿ ರೊಟ್ಟಿಯ ಕೆಲಸ ಬೇಡಿ ತೆಗೆದುಕೊಳ್ಳುವ ಸೊಸೆ ಇಡೀ ಓಣಿಯಲ್ಲಿ ಬೇರೊಬ್ಬಳಿರಲಿಲ್ಲ. ನನ್ನ ಕೀರ್ತಿ ರಬಕವಿಯವರೆಗೂ ಹೋಯಿತು. ನನಗೋ, ಬಟ್ಟೆಯ ಮೇಲೆ ಕೂತು ಹರಟುವ ಆ ಹೆಂಗಸರ ನಗು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಹೀಗೆಯೇ ಒಂದು ಜನ್ಮ ರೊಟ್ಟಿ ಬಡಿದು ಕಳೆಯಬಹುದಿತ್ತು. ಆದರೆ ನನ್ನ ನಾದಿನಿ ಶಾಂತಾ ಚೊಚ್ಚಲ ಬಾಣಂತನಕ್ಕೆ ಮುಧೋಳದಿಂದ ತವರಿಗೆ ಬಂದಳು, ಗಂಡು ಮಗುವನ್ನು ಹೆತ್ತಳು. ನಮ್ಮ ಮನೆಯಲ್ಲೊಂದು ಪದ್ಧತಿ: ಮಗುವಿನ ಮೊದಲ ಕೌದಿಯನ್ನು ಅದರ ಸೋದರಮಾವನ ಹೆಂಡತಿಯೇ ಹೊಲಿಯಬೇಕು, ಬೇರೆ ಯಾರೂ ಅದಕ್ಕೆ ಸೂಜಿ ಹಾಕಬಾರದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂದು ಗಾದೆಯೇ ಇದೆಯಲ್ಲ, ಹಾಗಾಗಿ ಮೊದಲೇ ಹೊಲಿದಿಡುವಂತೆಯೂ ಇಲ್ಲ. ಹುಟ್ಟಿದ ಮೇಲೆ ಸುರು ಮಾಡಿ, ಹೆಸರಿಡುವ ದಿನದೊಳಗೆ ಮುಗಿಸಬೇಕು. ಅತ್ತೆಗೆ ಇದ್ದವನು ಒಬ್ಬನೇ ಮಗ. ಅವನ ಹೆಂಡತಿ ನಾನೊಬ್ಬಳೇ.

ಅತ್ತೆ ಬಟ್ಟೆಯ ಗಂಟು ತಂದು ನನ್ನ ಮುಂದಿಟ್ಟು, "ಬೀಗರು ಬರತಾರ. ನಮ್ಮ ಮನಿ ಹೆಸರು ಈಗ ನಿನ್ನ ಕೈಯಾಗೈತಿ" ಅಂದರು. ಯಾವ ಕೈಯಲ್ಲಿ ಎಂದು ನಾನೂ ಹೇಳಲಿಲ್ಲ.

ಹಿಂದಿನ ಕೋಣೆಯಲ್ಲಿ ಕೂತು ಬಲಗೈಯಿಂದ ಹೊಲಿಯತೊಡಗಿದೆ. ಅಯ್ಯೋ, ಅದನ್ನು ಹೊಲಿಗೆ ಎನ್ನಬಾರದು. ಅಕ್ಷರ ಬರೆದ ಕೈ ಸೂಜಿ ಹಿಡಿದರೆ ಒಂದು ಹೊಲಿಗೆ ಬೆರಳುದ್ದ, ಮುಂದಿನದು ಕಣ್ಣಿಗೇ ಕಾಣದು. ಯಾರೂ ಇಲ್ಲದಾಗ ಸೂಜಿಯನ್ನು ಎಡಗೈಗೆ ದಾಟಿಸುತ್ತಿದ್ದೆ, ಹೆಜ್ಜೆಯ ಸಪ್ಪಳ ಕೇಳಿದರೆ ಬಲಗೈಗೆ. ಒಂದು ಮಧ್ಯಾಹ್ನ ಹೀಗೇ ಗಡಬಡಿಸಿ ಕೈ ಬದಲಿಸುತ್ತಿರುವಾಗ ನೀಲತ್ತಿ ಒಳಗೆ ಬಂದರು. ಗೌರವಕ್ಕೆ ಎದ್ದು ನಿಂತೆ. ನನ್ನ ಜೊತೆ ಕೌದಿಯೂ ಎದ್ದು ನಿಂತಿತು. ನಾನು ಉಟ್ಟ ಸೀರೆಯ ಮಡಿಲನ್ನು ಕೌದಿಗೆ ಹೊಲಿದುಕೊಂಡಿದ್ದೆ.

ನೀಲತ್ತಿ ಮಾವನವರ ತಂಗಿ. ಬೀಳಗಿಗೆ ಕೊಟ್ಟಿದ್ದರು, ಗಂಡ ತೀರಿದ ಮೇಲೆ ಅಣ್ಣನ ಮನೆಗೆ ಬಂದವರು ಇಲ್ಲೇ ಉಳಿದಿದ್ದರು. ಬಾಯಿ ಬಹಳ ಚುರುಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೌದಿ ಹೊಲಿ ಅಂದ್ರ ಕೌದಿ ಉಟ್ಟಗೊಂಡ ನಿಂತೀಯಲ್ಲ ಬೇ" ಎಂದು ನಕ್ಕರು. ನನಗೆ ಅಳು ಬಂತು. ಅವರು ನನ್ನನ್ನು ಕೂಡಿಸಿ, ಸೀರೆಯ ಹೊಲಿಗೆ ಬಿಚ್ಚತೊಡಗಿದರು. ಬಿಚ್ಚುತ್ತಿದ್ದವರು ತಟ್ಟನೆ ನನ್ನ ಬಲಗೈ ಹಿಡಿದು ಬೆರಳ ತುದಿ ನೋಡಿದರು.

"ಸೂಜಿ ಹಿಡಿದ ಕೈಗೆ ಎಂದೂ ಚುಚ್ಚೂದಿಲ್ಲ. ಕೆಳಗ ಆನಿಸಿದ ಕೈಗೆ ಚುಚ್ಚತೈತಿ. ನಿನಗ ಬಲಗೈಗೆ ಚುಚ್ಚೇತಿ."

ನಾನು ಬಲಗೈಯನ್ನು ಹಿಂದಕ್ಕೆ ಎಳೆದುಕೊಂಡೆ.

"ಎಡಚಿ ಏನ?"

ಹೌದೆಂದು ಗೋಣು ಹಾಕಿದೆ. "ಅತ್ತೀಗೆ ಹೇಳಬ್ಯಾಡ್ರಿ. ತವರಿಗೆ ಕಳಿಸಿಬಿಡ್ತಾರ."

"ನಾ ಯಾಕ ಹೇಳಲಿ? ಒಂದಿನ ನೀನ ಹೇಳಬೇಕಾಗತೈತಿ. ಇವತ್ತು ಸೂಜಿ ನಿನ್ನ ಕೈಯಾಗ ಹಿಡಿ, ಊರವರ ಕೈಯಾಗ ಹಿಡೀಬ್ಯಾಡ."

ಬಾಗಿಲಿಗೆ ಅಗಳಿ ಹಾಕಿ ಅವರು ನನ್ನ ಪಕ್ಕದಲ್ಲಿ ಕೂಡಲಿಲ್ಲ, ಎದುರಿಗೆ ಕೂತರು. ಪಕ್ಕದಲ್ಲಿ ಕೂತು ಕಲಿಸಿದರೆ ಎಡಗೈಯವರಿಗೆ ಎಲ್ಲವೂ ತಲೆಕೆಳಗು. ಎದುರಿಗೆ ಕೂತರೆ ಅವರ ಬಲಗೈ ನನ್ನ ಎಡಗೈಯ ಮುಂದೆಯೇ ಇರುತ್ತದೆ. "ಕನ್ನಡಿ ನೋಡಿದಂಗ ನೋಡು. ನಾ ಮಾಡಿದ್ದ ಮಾಡು" ಅಂದರು. ಅದೇನು ಸುಲಭವಾಯಿತು ಅಂತೀರಿ! ಹದಿನೆಂಟು ವರ್ಷ ಎಲ್ಲರೂ ನನ್ನ ಕೈಯನ್ನು ತಿದ್ದಿದ್ದರು. ಇವರು ತಾವು ಕೂಡುವ ಜಾಗವನ್ನಷ್ಟೇ ಬದಲಿಸಿದರು. ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ.

ಅವರು ಕಲಿಸಿದ್ದನ್ನೇ ನಾನು ನಿಮಗೂ ಹೇಳುವುದು. ಮೊದಲನೆಯದು ದೊಡ್ಡ ಕೌದಿ ಬೇಡ. ಕೂಸಿನ ಅಳತೆಯದು ಸಾಕು, ಮುಗಿದದ್ದನ್ನು ಕಣ್ಣಿಂದ ನೋಡುವ ಸುಖ ಬೇಗ ಸಿಗುತ್ತದೆ. ಗಂಜಿ ಇದ್ದ ಬಟ್ಟೆಯನ್ನು ನೆನೆಸಿ ಒಗೆದುಬಿಡಿ, ಇಲ್ಲವಾದರೆ ಸೂಜಿ ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತದೆ. ಪದರ ಸರಿಯದಂತೆ ನಾಲ್ಕೂ ಮೂಲೆಗೆ ನೀರು ತುಂಬಿದ ಚರಿಗೆ ಇಡಿ. ದಾರ ತೋಳಿಗಿಂತ ಉದ್ದ ಬೇಡ. "ಮೈಗಳ್ಳರ ದಾರ ಉದ್ದ" ಎನ್ನುತ್ತಿದ್ದರು ನೀಲತ್ತಿ. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಉದ್ದ ತೆಗೆದುಕೊಂಡವರು ಗಂಟು ಬಿಡಿಸುತ್ತ ದಿನ ಕಳೆಯುತ್ತಾರೆ. ಹೊಲಿಗೆ ಎಷ್ಟು ದೊಡ್ಡದಿರಬೇಕು ಎಂದು ಕೇಳಿದೆ. ಒಂದು ಜೋಳದ ಕಾಳು ತಂದು ಬಟ್ಟೆಯ ಮೇಲಿಟ್ಟರು.

ಅಲ್ಲಿಯವರೆಗೆ ಹೊಲಿದದ್ದನ್ನೆಲ್ಲ ಬಿಚ್ಚಿ, ಮಗ್ಗದಲ್ಲಿ ಉಳಿದ ಕೆಂಪು ನೂಲನ್ನು ಎರಡೆಳೆ ಹುರಿ ಹಾಕಿ ಹೊಸದಾಗಿ ಹೊರಟೆ. ಮೊದಲ ಸಾಲು ಹಾವು ಹರಿದಂತಾಯಿತು. ಬಿಚ್ಚಲು ಹೋದೆ. ನೀಲತ್ತಿ ಕೈಗೆ ಹೊಡೆದರು.

"ಬಿಚ್ಚಬ್ಯಾಡ. ಎರಡನೇ ಸಾಲು ಅದರ ಜೋಡಿ ನಡಸು. ಒಂದ ಸಾಲು ಡೊಂಕಾದ್ರ ತಪ್ಪು ಕಾಣತೈತಿ. ಹತ್ತು ಸಾಲು ಕೂಡೇ ಡೊಂಕಾದ್ರ ನಕ್ಷಿ ಅಂತಾರ."

ಹೌದು, ನಕ್ಷೆಯೇ ಆಯಿತು. ಕೃಷ್ಣೆಯ ದಂಡೆಯ ಮರಳಿನಲ್ಲಿ ಗಾಳಿ ಬರೆದ ಗೆರೆಗಳಿರುತ್ತವಲ್ಲ, ಹಾಗೆ. ನನ್ನ ಎಡಗೈ ಓಡತೊಡಗಿತು. ಇಷ್ಟು ವರ್ಷ ಸೆರಗಿನೊಳಗೆ ಕೂತಿದ್ದ ಕೈ, ಬಿಟ್ಟರೆ ಸಾಕೆಂದು ಕಾದಿತ್ತೇನೋ. ಎಂಥ ಖುಷಿ ಅದು! ಹೊಲಿಯುತ್ತ ನಾನೊಬ್ಬಳೇ ನಗುತ್ತಿದ್ದೆ.

ಆದರೆ ಸುತ್ತು ಉಲ್ಟಾ ಹೋಗುತ್ತಿತ್ತು. ಅದನ್ನು ಯಾವ ನಗುವೂ ಮರೆಸಲಿಲ್ಲ. ಅತ್ತೆಯ ಭಯ ಒಂದು ಕಡೆ ಇರಲಿ, ಶಾಂತಾಳ ಮಗು ನನ್ನ ಬೆರಳು ಹಿಡಿದುಕೊಂಡು ಬಿಡುತ್ತಿರಲಿಲ್ಲ. ಅಂಥ ಎಳೆಯ ಜೀವದ ಮೇಲೆ ಸತ್ತವರ ಸುತ್ತಿನ ಕೌದಿ ಹೊಚ್ಚುವುದೇ? ನಂಬುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಗು ಒಮ್ಮೆ ಕೆಮ್ಮಿದರೆ ಸಾಕು, ಪೂರ್ತಿ ನಂಬಿಬಿಡುತ್ತಿದ್ದೆ. ನೀಲತ್ತಿಯನ್ನು ಕೇಳಿದೆ.

"ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ಲವ್ವಾ. ನೀ ಹೊಲದದ್ದು ಪ್ರೀತಿಲೆ. ಅಷ್ಟ ಗೊತ್ತೈತಿ" ಅಂದರು. ಅದರಿಂದ ಮನಸ್ಸು ತಂಪಾಯಿತು, ಧೈರ್ಯ ಬರಲಿಲ್ಲ.

ಹೆಸರಿಡುವ ದಿನ ಬಂತು. ಮುಧೋಳದಿಂದ ಬೀಗರು ಬಂದರು. ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಅತ್ತೆ ಕೌದಿಯನ್ನು ಮಡಿಚಿ ತಾಟಿನಲ್ಲಿಟ್ಟು ತಂದು, "ನಮ್ಮ ಸೊಸಿ ಹೊಲದಾಳ. ಒಬ್ಬಾಕಿನ" ಎಂದು ಬೀಗತಿಯ ಕೈಗೆ ಕೊಟ್ಟರು. ಆ ದನಿಯಲ್ಲಿದ್ದ ಹೆಮ್ಮೆ ಕೇಳಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ತೊಟ್ಟಿಲ ಆಚೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಶಾಂತಾಳ ಪಕ್ಕದಲ್ಲಿ ಕೂತಿದ್ದೆ.

ಮುಧೋಳದ ನಾಯಿಯ ಕಣ್ಣು ಬಹಳ ಚುರುಕು ಎನ್ನುತ್ತಾರೆ. ಆ ಊರಿನ ಬೀಗತಿಯರ ಕಣ್ಣು ನೋಡಿದವರು ನಾಯಿಯನ್ನು ಹೊಗಳುವುದಿಲ್ಲ. ಆಕೆ ಕೌದಿ ಬಿಡಿಸಿದರು. ಬಣ್ಣ ಮೆಚ್ಚಿದರು. ಹೊಲಿಗೆಯ ಬಿಗಿ ಮೆಚ್ಚಿದರು. ಒಂದು ಸುತ್ತು ಮುಗಿದು ಒಳಗಿನ ಸುತ್ತಿಗೆ ಇಳಿಯುವ ಮೂಲೆಯ ಮೇಲೆ ಬೆರಳಿಟ್ಟರು. ಬಲ್ಲವರಿಗೆ ಅದೊಂದೇ ಜಾಗ ಸಾಕು, ಸೂಜಿ ಯಾವ ಕಡೆ ಹೊರಟಿತ್ತು ಎಂದು ತಿಳಿಯುತ್ತದೆ.

"ಇದೇನ್ರಿ ಬೀಗರ, ಇದು ತಿರುಗಾಮುರುಗಾ ಸುತ್ತೇತಿ. ಎಡಚಿ ಹೊಲದದ್ದಿದು. ನಮ್ಮ ಕೂಸಿಗೆ ಇದನ್ನ ಹೊಚ್ಚೂದ?"

ಅತ್ತೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಂಬಿದವಳು ಹೀಗೆ ಮಾಡಿದಳಲ್ಲ ಎಂಬ ಗಾಬರಿಯಿತ್ತು. ಸಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೀಗತಿ ಎಲ್ಲರಿಗೂ ತೋರಿಸಲೆಂದು ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಬಣ್ಣದ ಮಗ್ಗಲು ಆಕೆಯ ಕಡೆಗಿತ್ತು. ಹೆಂಗಸರೆಲ್ಲ ಆಕೆಯ ಹಿಂದೆ ಬಂದು ಇಣುಕಿದರು. ಎದುರಿಗೆ ಇದ್ದವರು ನಾನು, ಶಾಂತಾ, ಮಗು, ಮೂವರೇ. ನಮ್ಮ ಕಡೆಗೆ ಹಿಂಬದಿಯ ಬಿಳಿ ಧೋತರ, ಅದರ ಮೇಲೆ ಕೆಂಪು ಹೊಲಿಗೆ.

ನಾನು ತಲೆ ಎತ್ತಿ ನೋಡಿದೆ. ಕಣ್ಣಿನಿಂದಲೇ ಮೂಲೆಯಿಂದ ಮೂಲೆಗೆ ಸುತ್ತು ಹಿಡಿದು ಹೋದೆ. ಇನ್ನೊಮ್ಮೆ ಹೋದೆ. ನನ್ನ ಕಡೆಯಿಂದ ಆ ಸುತ್ತು ನೆಟ್ಟಗೆ ಪ್ರದಕ್ಷಿಣೆ ಹಾಕುತ್ತಿತ್ತು.

ಅವ್ವ ಹೇಳಿದ್ದು, ಮಾಸ್ತರರು ಬಾರಿಸಿದ್ದು, ಎಲ್ಲ ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ಎದ್ದು ನಿಂತು, ಸೆರಗಿನಿಂದ ಎಡಗೈ ಹೊರಗೆ ತೆಗೆದು, ಅದೇ ಕೈಯನ್ನು ಚಾಚಿ ತೋರಿಸಿದೆ.

"ಹೌದ್ರಿ ಅವ್ವಾರ, ನಾ ಎಡಚಿ. ಈ ಕೈಲೇನ ಹೊಲದೇನಿ. ಆದರ ನೀವು ಒಂದ ಸಲ ಈ ಕಡಿ ಬಂದು ನೋಡ್ರಿ."

ಬೀಗತಿ ಕೌದಿಯ ಎರಡು ತುದಿಗಳನ್ನು ನೀಲತ್ತಿಯ ಕೈಗೆ ಕೊಟ್ಟು ತೊಟ್ಟಿಲ ಈಚೆ ಬಂದರು. ಹಿಂದಿನಿಂದ ಅತ್ತೆ ಬಂದರು. ಬೀಗತಿಯ ಬೆರಳು ಬಿಳಿ ಧೋತರದ ಮೇಲೆ ಮೂಲೆ ಹಿಡಿದು ಹೊರಟಿತು, ಸುತ್ತಿತು, ಒಳಗೆ ಇಳಿಯಿತು. ಆಕೆ ಒಮ್ಮೆ ಆಚೆ ಹೋಗಿ ನೋಡಿದರು. ಮತ್ತೆ ಈಚೆ ಬಂದರು.

ಮೊದಲು ಮಾತಾಡಿದವರು ನನ್ನ ಅತ್ತೆ. ನೇಮದ ಮನುಷ್ಯರು ಅವರು. ನೇಮ ಎಲ್ಲಿದೆಯೋ ಅಲ್ಲಿ ನಿಲ್ಲುವವರು.

"ಕೂಸು ಕೌದಿ ಹೊಚ್ಚಗೊಂಡು ಮಲಗಿದಾಗ ಯಾವ ಕಡಿಂದ ನೋಡತೈತ್ರಿ ಬೀಗರ? ಮ್ಯಾಲಿಂದೋ, ಒಳಗಿಂದೋ?"

"ಒಳಗಿಂದ" ಅಂದರು ಬೀಗತಿ, ಮೆಲ್ಲಗೆ.

"ಹಂಗಾರ ನನ್ನ ಸೊಸಿ ಹೊಲದದ್ದ ನೆಟ್ಟಗೈತಿ."

ನನ್ನ ಸೊಸಿ. ಎಡಚಿ ಎಂದು ಗೊತ್ತಾದ ಮೇಲೆ, ತುಂಬಿದ ಮನೆಯಲ್ಲಿ, ಬೀಗರ ಎದುರು.

ಬೀಗತಿ ಗಲ್ಲಕ್ಕೆ ಕೈ ಹಚ್ಚಿಕೊಂಡು, "ಅಯ್ಯ ಶಿವನ, ಹಂಗಾದ್ರ ನಾ ಇಷ್ಟ ವರ್ಷ ನಮ್ಮ ಮನ್ಯಾಗ ಎಲ್ಲಾರಿಗೂ ಉಲ್ಟಾ ಹೊಚ್ಚೇನೇನ?" ಅಂದರು. ಹಿಂದಿನಿಂದ ನೀಲತ್ತಿ, "ನಿಮ್ಮ ಯಜಮಾನ್ರು ಗಟ್ಟಿಮುಟ್ಟ ಅದಾರಲ್ರಿ, ಚಿಂತಿ ಬ್ಯಾಡ" ಎಂದರು. ಮನೆಯೆಲ್ಲ ನಕ್ಕಿತು. ಮೊದಲು ನಕ್ಕವರು ಬೀಗತಿಯೇ. ಆಕೆಯೇ ಮಗುವನ್ನು ತೊಟ್ಟಿಲಿಗೆ ಹಾಕಿ, ಆಕೆಯೇ ಕೌದಿ ಹೊಚ್ಚಿದರು. ಮಗು ನಿಶ್ಚಿಂತೆಯಿಂದ ನಿದ್ದೆ ಹೋಯಿತು. ನಾನು ಅಡುಗೆಮನೆಗೆ ಓಡಿ, ಬಾಗಿಲ ಹಿಂದೆ ನಿಂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕೆ, ಅತ್ತುಬಿಟ್ಟೆ.

ಅತ್ತೆ ಹಿಂದೆಯೇ ಬಂದರು.

"ಎಡಚಿ ಅಂತ ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ."

ಅವರು ಸ್ವಲ್ಪ ಯೋಚಿಸಿದರು. "ಅಂತಿದ್ದೆ" ಅಂದರು. ಸುಳ್ಳು ಹೇಳುವವರಲ್ಲ. ಆಮೇಲೆ, "ಊಟ ಮಾತ್ರ ಬಲಗೈಲೆ ಉಣ್ಣು. ಉಳಿದದ್ದು ನಿನ್ನ ಮನಸಿಗೆ ಬಂದಂಗ" ಎಂದು ರಾಜಿ ಮಾಡಿಕೊಂಡರು. ನಾನೂ ಒಪ್ಪಿದೆ. ಗೆದ್ದವರು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಮುಂದಿನ ಬೇಸಿಗೆಯಲ್ಲಿ ಕೌದಿ ಹರಡಿದಾಗ ನಾನು ಹಳೆಯ ಚಾಳಿಯಂತೆ ಒಲೆಯ ಕಡೆ ಹೊರಟಿದ್ದೆ. ಅತ್ತೆ ಕರೆದರು. ಒಂದು ಮೂಲೆಯಲ್ಲಿ ತಾವು ಕೂತು, ಬೆನ್ನ ಹಿಂದಿನ ಜಾಗ ತೋರಿಸಿ, "ನೀ ಆ ಕಡಿ ಹೊರಡು, ನಾ ಈ ಕಡಿ ಹೊರಡತೇನಿ" ಅಂದರು. ಅಲ್ಲಿಯವರೆಗೆ ಹೆಂಗಸರು ಒಬ್ಬರ ಹಿಂದೊಬ್ಬರು ಒಂದೇ ದಿಕ್ಕಿಗೆ ಸರಿಯುತ್ತ ಮೊಣಕೈ ತಿವಿದುಕೊಳ್ಳುತ್ತಿದ್ದರು. ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಹೊರಟು, ಎದುರಿನ ಮೂಲೆಯಲ್ಲಿ ಮುಖಕ್ಕೆ ಮುಖ ಸೇರಿದೆವು. ನಮ್ಮ ಕೌದಿ ಎಲ್ಲರಿಗಿಂತ ಮೊದಲು ಮುಗಿಯಿತು. "ಎಡಚಿ ಸೊಸಿ ಇದ್ದ ಮನಿಗೆ ಕೆಲಸ ಲಗೂ ಆಗತೈತಿ" ಎಂದು ಅತ್ತೆ ಓಣಿಯಲ್ಲಿ ಹೇಳಿಕೊಂಡು ಬಂದರು. ಹುನ್ನೂರಿನವರೊಬ್ಬರು ಆಮೇಲೆ, ನಿಮ್ಮ ತವರಿನಲ್ಲಿ ಇನ್ನೊಬ್ಬ ಎಡಚಿ ಇದ್ದಾಳೆಯೇ ಎಂದು ಕೇಳಿಕೊಂಡು ಬಂದದ್ದೂ ಉಂಟು. ತಂಗಿ ಬಲಗೈಯವಳು, ಪಾಪ, ಆ ಸಂಬಂಧ ತಪ್ಪಿತು.

ಇವತ್ತು ಮಾಳಿಗೆಯಿಂದ ಇಳಿದು ಬರುವಾಗ ನನ್ನ ಸಿಟ್ಟು ಅರ್ಧ ಇಳಿದಿತ್ತು. ಕೈ ಸರಿ ಇಲ್ಲ ಎಂದು ಓಣಿಯ ಹೆಣ್ಣುಮಕ್ಕಳು ಬಂದಾಗಲೆಲ್ಲ ನಾನು ಗದರಿಸಿ ಕಳಿಸಿದ್ದೇನೆ; ಎದ್ದು ಅವರ ಎದುರಿಗೆ ಹೋಗಿ ಕೂತಿಲ್ಲ. ಮಂಡಿನೋವು ಎಂದು ಗೋಡೆಗೆ ಒರಗಿ, ಕೂತಲ್ಲಿಂದಲೇ ಅಪ್ಪಣೆ ಕೊಟ್ಟಿದ್ದೇನೆ. ಹಾಗೆ ಯಾರು ಕಲಿಯುತ್ತಾರೆ ಹೇಳಿ.

ಪಡಸಾಲೆಯಲ್ಲಿ ಧೋತರ ಹಾಸಿದ್ದೇನೆ. ಮಂಡಿ ಕಟಕಟ ಎಂದರೂ ನೆಲದ ಮೇಲೆಯೇ ಕೂತಿದ್ದೇನೆ. ಓಣಿಯವರಿಗೆಲ್ಲ ಹೇಳಿಕಳಿಸಿದ್ದೇನೆ, ಯಾವ ಕೈಯವರಾದರೂ ಬನ್ನಿ ಎಂದು. ನೀವೂ ಬನ್ನಿ. ಎಲ್ಲಿ ಕೂಡುವುದು ಎಂದು ಕೇಳಬೇಡಿ, ನಿಮ್ಮ ಕೈಗೆ ಸರಿಹೋಗುವಲ್ಲಿ ಕೂಡಿ. ಎದುರಿಗೆ ನಾನು ಬಂದು ಕೂಡುತ್ತೇನೆ.